ಓದುಗರ ಪ್ರಶ್ನೆ: ನೂರು ವಾದ್ಯ, ಒಂದೂ ಮೈಕಿಲ್ಲ, ಕುರ್ಚಿಯಲ್ಲಿ ಕುಳಿತ ಕಂಡಕ್ಟರ್

ಸಿಂಫನಿ ಆರ್ಕೆಸ್ಟ್ರಾ, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ವಾದ್ಯವೃಂದ, ಕೇಳಲು ಹೊರಟವರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಕಂಡಕ್ಟರ್ ಎಂದರೆ ಎದುರಿನಿಂದ ಕೈಸನ್ನೆಯಲ್ಲಿ ಈ ವೃಂದವನ್ನು ನಡೆಸುವವರು.

ಜುಬಿನ್ ಮೆಹ್ತಾ ಅವರಂಥ ಹಿರಿಯ ಕಂಡಕ್ಟರುಗಳು ನಡೆಸುವ ಕಛೇರಿಯನ್ನು ಮುಂಬಯಿಯಲ್ಲಿ ಕೇಳುವಾಸೆ. ದುಡ್ಡು ಹೆಚ್ಚಾದರೂ ಮೊದಲ ಸಾಲಿನ ಟಿಕೆಟ್ ತೆಗೆದುಕೊಳ್ಳಲೇ? (ಬೆಂಗಳೂರು)

ಬೇಡ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದಲ್ಲಿ ಎಲ್ಲಿ ಕುಳಿತರೂ ಮೈಕು ನಿಮ್ಮನ್ನು ಕಾಯುತ್ತದೆ. ಸಿಂಫನಿ ಕಛೇರಿಯಲ್ಲಿ ಮೈಕಿಲ್ಲ. ನೀವು ಕೇಳುವುದು ವಾದ್ಯದ ನಾದ ಮತ್ತು ಗೋಡೆ, ಚಾವಣಿಗಳಿಂದ ಮರಳಿ ಬರುವ ನಾದ ಮಾತ್ರ. ಮೊದಲ ಎರಡು ಮೂರು ಸಾಲಿನಲ್ಲಿ ಕುಳಿತವರಿಗೆ ಎದುರಿನ ಪಿಟೀಲು, ಚೆಲ್ಲೋ ಮಾತ್ರ ದಟ್ಟವಾಗಿ ಕೇಳುತ್ತದೆ. ಹಿಂದೆ ಕೂರುವ ಕೊಳಲು, ಓಬೋ, ಕ್ಲಾರಿನೆಟ್, ತುತ್ತೂರಿಗಳ ಸ್ವರ ತಲೆಯ ಮೇಲೇ ಹಾದು ಹೋಗುತ್ತದೆ. ಕಣ್ಣಿಗೂ ಸಿಗುವುದು ಸ್ವರಲಿಪಿಯ ಸ್ಟ್ಯಾಂಡು ಮತ್ತು ಬೂಟುಗಳು.

ಮೆಹ್ತಾ 2023ರ ಆಗಸ್ಟ್‌ನಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾವನ್ನು ನಡೆಸಿದ್ದು ಮುಂಬಯಿಯ ನರಿಮನ್ ಪಾಯಿಂಟಿನ ಎನ್‌ಸಿಪಿಎ ಎಂಬ ಕಲಾಕೇಂದ್ರದ ಆವರಣದಲ್ಲಿ. ಅಲ್ಲಿನ ಜಮ್ಷೆಡ್ ಭಾಭಾ ಥಿಯೇಟರಿನಲ್ಲಿ ಸುಮಾರು 1,100 ಆಸನಗಳಿವೆ. ಇಷ್ಟು ಗಾತ್ರದ ಸಭಾಂಗಣದಲ್ಲಿ ಕೆಳಗೆ ಹತ್ತರಿಂದ ಹದಿನೈದನೆಯ ಸಾಲಿನ ನಡುಭಾಗ, ಇಲ್ಲವೇ ಬಾಲ್ಕನಿಯ ಮೊದಲ ಸಾಲುಗಳನ್ನು ನೋಡಿ. ಬಾಲ್ಕನಿಯ ಅಡಿಗೆ ಸೇರಿದ ಕಡೆಯ ಸಾಲುಗಳು ಮಾತ್ರ ಬೇಡ: ಮೇಲಿನಿಂದ ಮರಳಿ ಬರುವ ನಾದಕ್ಕೆ ಅಲ್ಲಿ ಅಡ್ಡಿ, ಎಲ್ಲವೂ ಮಂಕಾಗಿ ಕೇಳುತ್ತದೆ. ಪಿಯಾನೋ ಕನ್ಚೆರ್ಟೋ (ಒಬ್ಬ ಪಿಯಾನೋ ವಾದಕರು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಇದ್ದರೆ ನಡುವಿನಿಂದ ತುಸು ಎಡಕ್ಕೆ ಕುಳಿತುಕೊಳ್ಳಿ, ವಾದಕರ ಬೆರಳು ಕಾಣುತ್ತವೆ.

ಕಂಡಕ್ಟರ್ ಬೆನ್ನು ಮಾತ್ರ ಕಾಣುತ್ತದಲ್ಲ, ಮುಖ ನೋಡಲು ದಾರಿಯಿಲ್ಲವೇ? (ಬರ್ಲಿನ್‌ನಲ್ಲಿ ಓದುತ್ತಿರುವ ವಿದ್ಯಾರ್ಥಿ)

ನೀವಿರುವ ಊರೇ ಅದಕ್ಕೆ ಸರಿ. 1963ರಲ್ಲಿ ತೆರೆದ ಬರ್ಲಿನ್ ಫಿಲ್‌ಹಾರ್ಮೋನಿ ಸಭಾಂಗಣದಲ್ಲಿ ಆಸನಗಳು ಆರ್ಕೆಸ್ಟ್ರಾದ ಸುತ್ತಲೂ ಇವೆ. ವೇದಿಕೆಯ ಹಿಂದಿನ ಬೆಂಚುಗಳು ಅಗ್ಗವೂ ಹೌದು. ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಖೆಬೌ ಸಭಾಂಗಣದಲ್ಲೂ ಹಿಂದುಗಡೆ ಆಸನಗಳಿವೆ. ಆದರೆ ಹೀಗೆ ಹಿಂದೆ ಕುಳಿತರೆ ಟಿಂಪನಿ ನಗಾರಿಗಳು ನಿಮ್ಮ ಮಡಿಲಲ್ಲೇ ಇದ್ದಂತೆ. ಹಾರ್ನ್ ವಾದ್ಯದ ಬಾಯಿ ಹಿಂದಕ್ಕೆ ತಿರುಗಿರುವುದರಿಂದ ಅದರ ಸ್ವರ ನೇರ ನಿಮ್ಮೆಡೆಗೇ ಬರುತ್ತದೆ. ಗಾಯಕರಿದ್ದ ದಿನ ಈ ಜಾಗ ಬೇಡ. ಅವರು ನಿಮಗೆ ಬೆನ್ನು ಹಾಕಿ ಹಾಡುತ್ತಾರೆ. ದೊಡ್ಡ ಕೋರಸ್ ಇದ್ದರೆ ಈ ಬೆಂಚುಗಳನ್ನು ಮಾರುವುದೇ ಇಲ್ಲ, ಕೋರಸ್ಸೇ ಅಲ್ಲಿ ನಿಲ್ಲುತ್ತದೆ.

ತೊಂಬತ್ತರ ಆಸುಪಾಸಿನವರು ಕುರ್ಚಿಯಲ್ಲಿ ಕುಳಿತು ಕೈಯನ್ನು ಒಂದಿಷ್ಟು ಆಡಿಸುತ್ತಾರೆ. ಆರ್ಕೆಸ್ಟ್ರಾ ತಾನಾಗಿ ನುಡಿಸುತ್ತಿದೆ ಅನ್ನಿಸುತ್ತದೆ. ಇವರು ಮಾಡುವುದೇನು? (ಮೈಸೂರು)

ಬಹಳಷ್ಟು ಕೆಲಸ ನೀವು ಬರುವ ಮೊದಲೇ ಆಗಿರುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ರಿಹರ್ಸಲ್, ಒಂದೊಂದೂ ಎರಡೂವರೆ ಮೂರು ಗಂಟೆ. ಎಲ್ಲಿ ಓಬೋ ಮುಂದಾಗಬೇಕು, ಎಲ್ಲಿ ಪಿಟೀಲು ತಗ್ಗಬೇಕು, ಕಮಾನು ಎತ್ತುವುದೋ ಇಳಿಸುವುದೋ, ಎಲ್ಲ ಅಲ್ಲೇ ತೀರ್ಮಾನ.

ಕಛೇರಿಯಲ್ಲಿ ಗಮನಿಸಬೇಕಾದದ್ದು ಪೆಟ್ಟಿಗಿಂತ ಪೆಟ್ಟಿನ ಹಿಂದಿನ ಎತ್ತುಗೆ. ಕೈ ಮೇಲೇಳುವ ಆ ಒಂದು ಚಲನೆಯಲ್ಲೇ ಮುಂದಿನ ಸ್ವರದ ವೇಗ, ಬಲ, ಗುಣ ಮೂರೂ ಅಡಕವಾಗಿರುತ್ತವೆ. ಎತ್ತುಗೆ ಸ್ಪಷ್ಟವಾಗಿದ್ದರೆ ಎರಡಂಗುಲ ಕದಲಿದರೂ ಸಾಕು. ತಂತಿವಾದ್ಯಗಳೆಲ್ಲ ಬೆರಳಲ್ಲಿ ಮೀಟುವ ಪಿಟ್ಸಿಕಾಟೋ ಬಂದಾಗ ಪರೀಕ್ಷಿಸಿ ನೋಡಿ. ಎತ್ತುಗೆ ಮಸುಕಾದರೆ ಅರವತ್ತು ತಂತಿವಾದ್ಯಗಳು ಒಟ್ಟಿಗೆ ನುಡಿಯದೆ, ಚೀಲದಿಂದ ಕಡಲೆ ಸುರಿದಂತೆ ಚದುರುತ್ತವೆ. ದೊಡ್ಡ ಆರ್ಕೆಸ್ಟ್ರಾದಲ್ಲಿ ಮೊದಲ ಪಿಟೀಲು 16, ಎರಡನೆಯದು 14, ವಿಯೋಲಾ 12, ಚೆಲ್ಲೋ 10, ಡಬಲ್ ಬಾಸ್ 8 ಎಂಬುದು ರೂಢಿಯ ಲೆಕ್ಕ, ಚದುರಿದರೆ ಮುಚ್ಚಿಡಲಾಗದು.

ಬಲಗೈ ಕಾಲ ತೋರಿಸುತ್ತದೆ, ಎಡಗೈ ಬಲಾಬಲ ಹೇಳುತ್ತದೆ. ಬಹಳ ಹೊತ್ತು ಸುಮ್ಮನಿದ್ದ ವಾದ್ಯ ಪ್ರವೇಶಿಸುವ ಮುನ್ನ ಕಂಡಕ್ಟರ್ ಕಣ್ಣು ಅತ್ತ ಹೊರಳುತ್ತದೆ. 1927ರಲ್ಲಿ ಹುಟ್ಟಿದ ಹರ್ಬರ್ಟ್ ಬ್ಲೂಮ್‌ಸ್ಟೆಟ್ ಬೇಟನ್ ಎಂಬ ಕೋಲನ್ನೇ ಹಿಡಿಯದೆ, ಕುಳಿತು, ಬರಿಗೈಯಲ್ಲಿ ನಡೆಸುತ್ತಾರೆ. 1936ರಲ್ಲಿ ಹುಟ್ಟಿದ ಮೆಹ್ತಾ ಕೂಡ ಈಚಿನ ವರ್ಷಗಳಲ್ಲಿ ಕುಳಿತೇ ನಡೆಸುತ್ತಾರೆ. ಅವರು ವಿಯೆನ್ನಾದಲ್ಲಿ ಹಾನ್ಸ್ ಸ್ವರೋವ್ಸ್ಕಿ ಅವರ ಬಳಿ ಕಲಿತವರು. ಸಮ ಗತಿಯಲ್ಲಿ ಸಾಗುವಾಗ ಒಳ್ಳೆಯ ಆರ್ಕೆಸ್ಟ್ರಾ ಮುಂದಿನ ಪಿಟೀಲುವಾದಕರ ಕಮಾನನ್ನು ನೋಡಿಕೊಂಡೇ ನಡೆಯಬಲ್ಲದು, ನೀವು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಕಂಡಕ್ಟರ್ ಇಲ್ಲದೆ ಆಗದ ಜಾಗಗಳೆಂದರೆ ಗತಿ ಬದಲಾಗುವ ತಿರುವು, ಸ್ವರವನ್ನು ತಡೆದು ಹಿಡಿಯುವ ಕಡೆ, ಗಾಯಕರು ಉಸಿರು ತೆಗೆದುಕೊಳ್ಳುವ ಗಳಿಗೆ. ಕುಣಿದಾಡುವ ಕಂಡಕ್ಟರುಗಳ ಕೈಯಲ್ಲೂ ಈ ತಿರುವುಗಳು ಕೆಡುವುದುಂಟು.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿ ನನ್ನದು. ತಾಳ ಹಾಕಲು ಹೋಗಿ ಪ್ರತಿಸಲ ತಪ್ಪುತ್ತದೆ. ಶ್ರುತಿಯೂ ಇಲ್ಲವಲ್ಲ? (ಶಿವಮೊಗ್ಗ)

ಶ್ರುತಿ ಇದೆ, ತಂಬೂರಿಯಂತೆ ಕಡೆಯವರೆಗೂ ಉಳಿಯುವುದಿಲ್ಲ ಅಷ್ಟೆ. ಆರಂಭಕ್ಕೆ ಮುನ್ನ ಓಬೋ ‘ಎ’ ಸ್ವರ ಕೊಡುತ್ತದೆ, ಎಲ್ಲರೂ ಅದಕ್ಕೆ ಕೂಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಷಡ್ಜ ಗಾಯಕರ ಶಾರೀರಕ್ಕೆ ತಕ್ಕಂತೆ. ಅಲ್ಲಿ ‘ಎ’ ಸೆಕೆಂಡಿಗೆ 440 ಕಂಪನ ಎಂಬುದು ಅಂತರರಾಷ್ಟ್ರೀಯ ಅಳತೆ, ವಿಯೆನ್ನಾ ಮತ್ತು ಬರ್ಲಿನ್‌ಗಳಲ್ಲಿ 443ರ ಆಸುಪಾಸು. ವೇದಿಕೆಯ ಮೇಲೆ ಪಿಯಾನೋ ಇದ್ದರೆ ಅದರ ಸ್ವರಕ್ಕೇ ಎಲ್ಲರೂ ಹೊಂದಿಕೊಳ್ಳಬೇಕು, ಏಕೆಂದರೆ ಪಿಯಾನೋವನ್ನು ಆ ಹೊತ್ತಿಗೆ ತಿರುಚಲಾಗದು.

ತಾಳ ತಪ್ಪುವುದು ಸಹಜ. ಆದಿತಾಳದ ಕಾಲಪ್ರಮಾಣ ಒಮ್ಮೆ ಹಿಡಿದರೆ ಕೃತಿ ಮುಗಿಯುವವರೆಗೂ ನಿಲ್ಲಬೇಕು. ಸಿಂಫನಿಯಲ್ಲಿ ಕಾಲವನ್ನು ಬೇಕೆಂದೇ ಎಳೆಯುತ್ತಾರೆ, ಬಿಗಿಯುತ್ತಾರೆ. ನಾಲ್ಕು ಎಣಿಕೆಯಾದರೆ ಬೇಟನ್ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ ಹೋಗುತ್ತದೆ. ಕೆಳಗಿಳಿದದ್ದೇ ಆವರ್ತದ ಮೊದಲ ಪೆಟ್ಟು. ಕೋಲು ತಾಗಿದ ಕ್ಷಣಕ್ಕಿಂತ ಕೊಂಚ ತಡವಾಗಿ ಸ್ವರ ಬಂದರೆ ಗಾಬರಿ ಬೇಡ, ಜರ್ಮನ್ ಮತ್ತು ಆಸ್ಟ್ರಿಯನ್ ಆರ್ಕೆಸ್ಟ್ರಾಗಳ ಅಭ್ಯಾಸವೇ ಹಾಗೆ. ತೊಡೆ ತಟ್ಟುವುದನ್ನು ಮಾತ್ರ ನಿಲ್ಲಿಸಿ, ಮೈಕಿಲ್ಲದ ಸಭೆಯಲ್ಲಿ ಆ ಸದ್ದು ನಾಲ್ಕು ಸಾಲಿಗೆ ಕೇಳುತ್ತದೆ.

ಚಪ್ಪಾಳೆ ಯಾವಾಗ? (ಹುಬ್ಬಳ್ಳಿ)

ಕಾರ್ಯಕ್ರಮ ಪತ್ರಿಕೆಯಲ್ಲಿ ಕೃತಿಯ ಕೆಳಗೆ ಭಾಗಗಳ ಪಟ್ಟಿ ಇರುತ್ತದೆ. ನಾಲ್ಕಿದ್ದರೆ ನಾಲ್ಕೂ ಮುಗಿಯಲಿ. ದೊಡ್ಡ ಬೋನು ಚೈಕೋವ್ಸ್ಕಿಯ ಆರನೆಯ ಸಿಂಫನಿ: ಮೂರನೆಯ ಭಾಗ ಗುಡುಗಿ ಮುಗಿಯುತ್ತದೆ, ಸಭೆ ಎದ್ದೇಳುತ್ತದೆ, ಆದರೆ ನಿಧಾನವಾಗಿ ಆರಿಹೋಗುವ ನಾಲ್ಕನೆಯದು ಇನ್ನೂ ಬಾಕಿ. ಕೈಗಳನ್ನೇ ನೋಡುತ್ತಿರಿ, ಸದ್ದು ನಿಂತರೂ ಕೈ ಮೇಲಿದ್ದರೆ ಕೃತಿ ಮುಗಿದಿಲ್ಲ. ಇದೇನು ಅನಾದಿ ನಿಯಮವಲ್ಲ. 1778ರಲ್ಲಿ ಪ್ಯಾರಿಸಿನಲ್ಲಿ ಜನ ನಡುವೆಯೇ ಚಪ್ಪಾಳೆ ತಟ್ಟಿದ್ದನ್ನು ಮೊಟ್ಸಾರ್ಟ್ ಸಂತೋಷದಿಂದ ತಂದೆಗೆ ಬರೆದಿದ್ದಾನೆ. ವಿಯೆನ್ನಾದ ಹೊಸ ವರ್ಷದ ಕಛೇರಿಯಲ್ಲಿ ಕಡೆಯ ‘ರಾಡೆಟ್ಸ್ಕಿ ಮಾರ್ಚ್’ ಎಂಬ ಕೃತಿಗೆ ಕಂಡಕ್ಟರೇ ಸಭೆಯತ್ತ ತಿರುಗಿ ಚಪ್ಪಾಳೆ ನಡೆಸುತ್ತಾರೆ. ಮೆಹ್ತಾ ಆ ಕಛೇರಿಯನ್ನು ಐದು ಸಲ ನಡೆಸಿದ್ದಾರೆ.

ತಡವಾದರೆ? ಕೆಮ್ಮು ಬಂದರೆ? (ಮುಂಬಯಿ)

ತಡವಾದವರನ್ನು ಮೊದಲ ಕೃತಿ ಮುಗಿದ ಮೇಲಷ್ಟೇ ಬಿಡುತ್ತಾರೆ. ಆರಂಭಕ್ಕೆ ಹತ್ತು ನಿಮಿಷದ ಓವರ್ಚರ್ ಎಂಬ ಪೀಠಿಕೆ, ಆಮೇಲೆ ಅರ್ಧ ಗಂಟೆಯ ಕನ್ಚೆರ್ಟೋ, ವಿರಾಮ, ನಂತರ ಮುಕ್ಕಾಲು ಗಂಟೆಯ ಸಿಂಫನಿ ಎಂಬುದು ಹಳೆಯ ಕ್ರಮ. ಬ್ರುಕ್ನರ್‌ನ ಎಂಟನೆಯ ಸಿಂಫನಿಯೊಂದೇ ಇದ್ದರೆ ವಿರಾಮವಿಲ್ಲದೆ ಎಂಬತ್ತು ನಿಮಿಷ ಕೂರಬೇಕು, ಶೌಚಾಲಯಕ್ಕೆ ಮೊದಲೇ ಹೋಗಿಬನ್ನಿ. ಪೆಪ್ಪರ್‌ಮಿಂಟಿನ ಕಾಗದ ಮುಂಚೆಯೇ ಬಿಚ್ಚಿ ಕರವಸ್ತ್ರದಲ್ಲಿಡಿ. ಮೆಲ್ಲಗೆ ಬಿಚ್ಚಿದಷ್ಟೂ ಅದರ ಚರಪರ ಉದ್ದವಾಗುತ್ತದೆ. ತಡೆಯಲಾಗದ ಕೆಮ್ಮನ್ನು ಬಟ್ಟೆಯಲ್ಲಿ ಮುಚ್ಚಿ, ತುತ್ತೂರಿಗಳು ಮೊಳಗುವಾಗ ಕೆಮ್ಮಿಬಿಡಿ. ಫೋನ್ ವೈಬ್ರೇಟ್‌ನಲ್ಲಿಟ್ಟರೆ ಸಾಲದು, ಆರಿಸಿ.

ವಿಯೆನ್ನಾಕ್ಕೆ ಪ್ರವಾಸ ಹೋಗುತ್ತಿದ್ದೇವೆ. ಕೋಟು ಬೇಕೇ, ಟಿಕೆಟ್ ಸಿಗುತ್ತದೆಯೇ? (ಮಂಗಳೂರು)

ಮುಸಿಕ್‌ಫೆರೈನ್ ಸಭಾಂಗಣದ ಹಿಂಭಾಗದಲ್ಲಿ ನಿಂತು ಕೇಳುವ ಜಾಗವಿದೆ, ಟಿಕೆಟ್ ಬಲು ಅಗ್ಗ. ಕಣ್ಣಿಗೆ ಅಷ್ಟೇನೂ ಕಾಣದು, ಕಿವಿಗೆ ಮೋಸವಿಲ್ಲ. ವಿಯೆನ್ನಾ ಫಿಲ್‌ಹಾರ್ಮೋನಿಕ್‌ನ ಚಂದಾದಾರರ ಕಛೇರಿಗಳು ಶನಿವಾರ ಮಧ್ಯಾಹ್ನ 3.30ಕ್ಕೆ, ಭಾನುವಾರ ಬೆಳಿಗ್ಗೆ 11ಕ್ಕೆ; ಆ ಚಂದಾಕ್ಕೆ ವರ್ಷಗಟ್ಟಲೆ ಕಾಯುವ ಸಾಲಿದೆ, ಪ್ರವಾಸಿಗರಿಗೆ ನಿಲ್ಲುವ ಜಾಗವೇ ಗತಿ. ಇಸ್ತ್ರಿ ಮಾಡಿದ ಅಂಗಿ, ಸೀರೆ ಧಾರಾಳವಾಗಿ ಸಾಕು. ದಪ್ಪ ಓವರ್‌ಕೋಟನ್ನು ಹೊರಗಿನ ಕೌಂಟರಿನಲ್ಲಿ ಕೊಡಬೇಕು, ವಾಪಸು ಪಡೆಯಲು ಸಾಲು ನಿಲ್ಲಬೇಕು. ರೈಲಿನ ಸಮಯವನ್ನು ಅದಕ್ಕೆ ತಕ್ಕಂತೆ ನೋಡಿಕೊಳ್ಳಿ.

ಮೈಸೂರು ಮಹಾರಾಜರು ಲಂಡನ್ನಿನ ಆರ್ಕೆಸ್ಟ್ರಾಕ್ಕೆ ಹಣ ಕೊಟ್ಟಿದ್ದು ನಿಜವೇ? (ಮಂಡ್ಯ)

ನಿಜ. ಜಯಚಾಮರಾಜ ಒಡೆಯರ್ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ನೆರವಾದರು, ರಷ್ಯದ ಸಂಗೀತ ರಚನಕಾರ ಮೆಡ್ಟ್ನರ್ ತನ್ನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಒದಗಿಸಿದರು. ರಿಚರ್ಡ್ ಸ್ಟ್ರೌಸ್‌ನ ‘ನಾಲ್ಕು ಕೊನೆಯ ಹಾಡುಗಳು’ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ಕೇಳಿಬಂದಾಗಲೂ ಮಹಾರಾಜರ ನೆರವಿತ್ತು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಟ್, ನಡೆಸಿದ್ದು ಫುರ್ಟ್‌ವೆಂಗ್ಲರ್.

ಟಿಕೆಟ್, ವಿಮಾನ ಎಲ್ಲ ಆದ ಮೇಲೆ ಹಿರಿಯರು ಅನಾರೋಗ್ಯದಿಂದ ಬರದಿದ್ದರೆ ಹಣ ವಾಪಸೇ? (ಬೆಂಗಳೂರು)

ಸಾಮಾನ್ಯವಾಗಿ ಇಲ್ಲ. ಕಲಾವಿದರು ಬದಲಾಗಬಹುದೆಂದು ಟಿಕೆಟಿನ ಷರತ್ತಿನಲ್ಲೇ ಇರುತ್ತದೆ; ಕಛೇರಿಯೇ ರದ್ದಾದರೆ ಮಾತ್ರ ಟಿಕೆಟಿನ ಹಣ ಮರಳುತ್ತದೆ, ವಿಮಾನದ್ದಲ್ಲ. ಆದ್ದರಿಂದ ಹೆಸರು ನೋಡಿ ಕೊಳ್ಳುವ ಮೊದಲು ಕೃತಿಗಳನ್ನು ನೋಡಿ: ಬೇರೆ ಯಾರೇ ನಡೆಸಿದರೂ ಕೇಳಬೇಕೆನಿಸುವ ಕಾರ್ಯಕ್ರಮವೇ ಎಂದು ಕೇಳಿಕೊಳ್ಳಿ. ಅದೇ ಕಾರ್ಯಕ್ರಮ ಎರಡು ಮೂರು ದಿನ ಇದ್ದರೆ ಮೊದಲ ದಿನದ ಟಿಕೆಟ್ ತೆಗೆಯಿರಿ, ಹಿರಿಯರಿಗೆ ಆಯಾಸ ಕೂಡುತ್ತಾ ಹೋಗುತ್ತದೆ. ಬದಲಿ ಬರುವವರು ಹೆಚ್ಚಿನ ಸಲ ಕಿರಿಯರು, ರಿಹರ್ಸಲ್ ನೋಡುತ್ತಾ ಕುಳಿತಿದ್ದ ಸಹಾಯಕ ಕಂಡಕ್ಟರೂ ಆಗಿರಬಹುದು. ಹಿಂದಿನ ದಿನ ಸಭಾಂಗಣದ ಜಾಲತಾಣದಲ್ಲಿ ಒಮ್ಮೆ ನೋಡಿಯೇ ಹೊರಡಿ.