ಇಷ್ಟದ ದ್ವೀಪಕ್ಕೆ ಮರಳಿ ಹೋಗಿ ಸಹಾಯಾರ್ಥ ಚಿತ್ರಕಲಾ ಪ್ರದರ್ಶನ ಮಾಡಿದವರು ಇದ್ದೀರಾ? ಅನುಭವ ಹೇಗಿತ್ತು?

ನಾನು ಮಾಡಿದ್ದೇನೆ. ಅಸ್ಸಾಮಿನ ಮಾಜುಲಿಯಲ್ಲಿ. ಬ್ರಹ್ಮಪುತ್ರದ ನಡುವೆ ಇರುವ ದ್ವೀಪ ಅದು, 2016ರಲ್ಲಿ ಜಿಲ್ಲೆಯೂ ಆಯಿತು.

ಮೊದಲ ಸಲ ಹೋಗಿದ್ದು ಮುಖವಾಡ ಮಾಡುವುದನ್ನು ಕಲಿಯಲು. ಅಲ್ಲಿನ ಸಾಮಗುರಿ ಸತ್ರದಲ್ಲಿ (ಸತ್ರ ಅಂದರೆ ವೈಷ್ಣವ ಮಠ) ಬಿದಿರು ಸೀಳಿ ಹೆಣೆದು, ಜೇಡಿಮಣ್ಣಿನ ರಾಡಿಯಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೇಲೆ ಮಣ್ಣು ಸಗಣಿ ಮೆತ್ತಿ ರಾವಣನ ಮುಖ ತೆಗೆಯುತ್ತಾರೆ. ಯಕ್ಷಗಾನದ ಬಣ್ಣದ ವೇಷ ನೋಡುತ್ತಾ ಬೆಳೆದ ನನಗೆ ಅಲ್ಲಿ ಮನೆಗೆ ಬಂದ ಹಾಗೇ ಅನ್ನಿಸಿತು. ಮೂರು ವಾರಕ್ಕೆಂದು ಹೋದವನು ಮೂರು ತಿಂಗಳು ಉಳಿದೆ. ದಿನಾ ದ್ವೀಪದ ಸಾಲ್ಮೋರಾ ಊರಿನ ಹೊಳೆ ದಂಡೆಯಲ್ಲಿ ಕೂತು ಜಲವರ್ಣದಲ್ಲಿ ಚಿತ್ರ ಬರೆದೆ. ಅಲ್ಲಿ ಹೆಂಗಸರು ತಿಗರಿ ಇಲ್ಲದೆ, ಬರೀ ಕೈಯಲ್ಲಿ ಮಡಕೆ ಮಾಡುತ್ತಾರೆ.

ಹನ್ನೊಂದು ವರ್ಷದ ಮೇಲೆ ಆ ಚಿತ್ರಗಳನ್ನೇ ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು ನಿಮಾತಿ ಘಾಟ್‌ನಲ್ಲಿ ದೋಣಿ ಹತ್ತಿದೆ. ಹೋಗಿ ನೋಡಿದರೆ ನಾನು ಕೂತು ಬರೆದ ದಂಡೆಯೇ ಇರಲಿಲ್ಲ. ಅಲ್ಲೀಗ ನೀರು. 1950ರ ದೊಡ್ಡ ಭೂಕಂಪದಲ್ಲಿ ಗುಡ್ಡಗಳು ಕುಸಿದು, ಹೂಳು ತುಂಬಿ, ಹೊಳೆಯ ತಳವೇ ಮೇಲೆ ಬಂತು. ಆಮೇಲೆ ಕೊರೆತ ಜೋರಾಗಿ, ಊರಿಗೆ ಊರೇ ಹೊಳೆ ಪಾಲಾಗಿವೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಎದುರಿಗೆ ನಿಂತು ನೋಡಿದಾಗ ಕೈಕಾಲು ತಣ್ಣಗಾದವು.

ಒಂದು ಶಾಲೆಯ ಕೋಣೆಯಲ್ಲಿ ಚಿತ್ರ ತೂಗುಹಾಕಿದೆವು. ಬಂದವರು ಯಾರೂ ಬಣ್ಣದ ಬಗ್ಗೆ ಮಾತಾಡಲಿಲ್ಲ. ಜಾಗ ಹುಡುಕುತ್ತಿದ್ದರು. ಒಬ್ಬ ಮುದುಕಿ ಎರಡು ಅಡಿಕೆ ಮರ ಇರುವ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಎಡಗಡೆ ಮರದ ಬುಡದ ಹತ್ತಿರ ಗಾಜಿನ ಮೇಲೆ ಬೆರಳಿಟ್ಟು, "ಇಲ್ಲೇ ನಮ್ಮ ಮಡಕೆ ಸುಡುವ ಆವಿಗೆ ಇತ್ತು" ಅಂದರು. ಆ ಚಿತ್ರದಲ್ಲಿ ಆವಿಗೆ ಇಲ್ಲ. ಅವತ್ತು ಅದು ಅಡ್ಡ ಬರುತ್ತದೆ ಅಂತ ನಾನೇ ಬಿಟ್ಟಿದ್ದೆ. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ನೀವು ಮಾಡುವುದಾದರೆ ಒಂದು ಮಾತು. ದ್ವೀಪದಲ್ಲಿ ಪ್ರದರ್ಶನ ಇಡಿ, ಮಾರಾಟ ಬೇರೆ ಕಡೆ ಇಡಿ. ಮನೆ ಕಳೆದುಕೊಂಡವರ ಎದುರು ಚಿತ್ರಕ್ಕೆ ಬೆಲೆ ಚೀಟಿ ಅಂಟಿಸಬಾರದು ಅಲ್ವಾ? ನಾವು ಆಮೇಲೆ ಗುವಾಹಟಿಯಲ್ಲೂ ಬೆಂಗಳೂರಲ್ಲೂ ಮಾರಿದೆವು. ಇನ್ನೊಂದು, ಹಣ ಯಾವುದಕ್ಕೆ ಅಂತ ನೀವೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ಮಕ್ಕಳಿಗೆ ಪುಸ್ತಕ, ಬಣ್ಣ ಕೊಡೋಣ ಅಂತ ನಾನು ಲೆಕ್ಕ ಹಾಕಿದ್ದೆ. ಅವರು ಕೇಳಿದ್ದು ಎತ್ತರದ ಕಟ್ಟೆಯ ಮೇಲೆ ಒಂದು ಬೋರಿಂಗ್. ಪ್ರವಾಹ ಬಂದಾಗ ಸುತ್ತ ನೀರೇ ನೀರು, ಕುಡಿಯಲು ಮಾತ್ರ ಒಂದು ತೊಟ್ಟೂ ಇರುವುದಿಲ್ಲ. ನೆಲಮಟ್ಟದ ಪಂಪ್ ಮುಳುಗಿ ಹೋಗುತ್ತದೆ. ಅದಕ್ಕೇ ಕಟ್ಟೆ. ಮೂವತ್ತು ಚಿತ್ರದಲ್ಲಿ ಹತ್ತೊಂಬತ್ತು ಹೋದವು. ಆ ಹಣದಲ್ಲಿ ಎರಡು ಬೋರಿಂಗ್ ಆದವು.

ಅಡಿಕೆ ಮರದ ಚಿತ್ರ ಮಾರಲಿಲ್ಲ. ಆ ಅಜ್ಜಿಗೇ ಕೊಡಲು ಹೋದೆ. ಬೇಡ ಅಂದರು. "ಮಳೆಗಾಲದಲ್ಲಿ ಇಲ್ಲಿ ನೆನೆದು ಹೋಗುತ್ತೆ. ನಿನ್ನ ಹತ್ತಿರವೇ ಇರಲಿ. ಬರುವಾಗ ತಗೊಂಡು ಬಾ, ನೋಡ್ತೀನಿ."

ಈ ನವೆಂಬರ್‌ನಲ್ಲಿ ಅಲ್ಲಿನ ರಾಸಲೀಲೆ ಹಬ್ಬದ ಹೊತ್ತಿಗೆ ಹೊರಡುತ್ತಿದ್ದೇನೆ. ಚಿತ್ರ ಗೋಡೆಯಿಂದ ಇಳಿಸಿ ಸುತ್ತಿಟ್ಟಾಗಿದೆ. ಜೊತೆಗೆ ಒಂದು ಹೊಸ ಹಾಳೆಯನ್ನೂ ಇಟ್ಟಿದ್ದೇನೆ. ಆವಿಗೆ ಹೇಗಿತ್ತು ಅಂತ ಅವರು ಹೇಳಬೇಕು, ನಾನು ಬರೆಯಬೇಕು.