ಹಾರ್ಮೋನ್ ಚಿಕಿತ್ಸೆ: ಅಳುಕು ಯಾವುದರ ಬಗ್ಗೆ?

ಪ್ರಶ್ನೆ: ನನಗೆ 29 ವರ್ಷ. ಗಂಡಾಗಿ ಹುಟ್ಟಿದರೂ ನಾನು ಹೆಣ್ಣೆಂಬ ಭಾವನೆ ಹದಿಹರೆಯದಿಂದಲೂ ಇದೆ. ಆಪ್ತಸಮಾಲೋಚಕರೊಂದಿಗೆ ಮಾತನಾಡಿದ್ದೇನೆ, ಹಾರ್ಮೋನ್ ತಜ್ಞರು ಚಿಕಿತ್ಸೆ ಆರಂಭಿಸಬಹುದೆಂದು ಚೀಟಿಯನ್ನೂ ಬರೆದುಕೊಟ್ಟಿದ್ದಾರೆ. ಔಷಧಿ ಕೊಳ್ಳಲು ಮಾತ್ರ ಮನಸ್ಸು ಹಿಂಜರಿಯುತ್ತಿದೆ. ಕೆಲವು ದಿನ ಹಂಬಲ ತೀವ್ರವಾಗಿರುತ್ತದೆ, ಕೆಲವು ದಿನ ಅದರ ನೆನಪೇ ಬರುವುದಿಲ್ಲ. ನಿಜವಾಗಿಯೂ ಹೆಣ್ಣಾಗಿದ್ದರೆ ಇಷ್ಟು ಅನುಮಾನ ಬರುತ್ತಿತ್ತೇ? ಪೂರ್ತಿ ಖಚಿತವಾಗುವವರೆಗೆ ಕಾಯಬೇಕೇ?

ಉತ್ತರ: ಅನುಮಾನ ಬಂದಿತೆಂಬ ಒಂದೇ ಕಾರಣಕ್ಕೆ ನಿಮ್ಮ ಅರಿವನ್ನು ಸುಳ್ಳೆಂದು ತೀರ್ಮಾನಿಸಬೇಕಾಗಿಲ್ಲ. ಈ ಕ್ಷೇತ್ರದ ವೈದ್ಯರು ಅನುಸರಿಸುವ ಡಬ್ಲ್ಯುಪಿಎಟಿಎಚ್ (ಟ್ರಾನ್ಸ್‌ಜೆಂಡರ್ ಆರೋಗ್ಯ ಕ್ಷೇತ್ರದ ಅಂತರರಾಷ್ಟ್ರೀಯ ವೃತ್ತಿಪರರ ಸಂಘ) ಸಂಸ್ಥೆಯ ಮಾರ್ಗಸೂಚಿಯ ಎಂಟನೆಯ ಆವೃತ್ತಿ 2022ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಈ ಭಾವನೆ ಸ್ಪಷ್ಟವಾಗಿ, ದೀರ್ಘಕಾಲ ಉಳಿದುಕೊಂಡು ಬಂದಿದೆಯೇ, ಸಂತಾನಶಕ್ತಿಯ ಮೇಲಾಗುವ ಪರಿಣಾಮವೂ ಸೇರಿದಂತೆ ಚಿಕಿತ್ಸೆಯ ಫಲಗಳನ್ನೆಲ್ಲ ಅರಿತು ಅವರು ಒಪ್ಪಿಗೆ ಕೊಡಬಲ್ಲರೇ, ಅಡ್ಡಿಯಾಗಬಹುದಾದ ಬೇರೆ ಕಾಯಿಲೆಗಳನ್ನು ಪರಿಶೀಲಿಸಲಾಗಿದೆಯೇ ಎಂಬುದನ್ನು ಅದು ನೋಡುತ್ತದೆ. ಹಂಬಲ ಪ್ರತಿದಿನವೂ ಒಂದೇ ಪ್ರಮಾಣದಲ್ಲಿ ಕಾಡಬೇಕೆಂದು ಕೇಳುವುದಿಲ್ಲ.

ನಿಮ್ಮ ಅಳುಕು ಯಾವುದರ ಬಗ್ಗೆ ಎಂಬುದನ್ನು ಮೊದಲು ಬಿಡಿಸಿ ನೋಡಿ. ನಿಮ್ಮ ಬದಲಾವಣೆಗೆ ಯಾರೂ ತಕರಾರು ಮಾಡುವುದಿಲ್ಲವೆಂದು ಒಂದು ಕ್ಷಣ ಭಾವಿಸಿದಾಗ ಹಿಂಜರಿಕೆ ಕರಗಿದರೆ, ಅದು ಮನೆಯವರ ಮತ್ತು ಸಹೋದ್ಯೋಗಿಗಳ ಕುರಿತ ಭಯ. ಅದಕ್ಕೆ ಸಿದ್ಧತೆ ಬೇಕೇ ಹೊರತು ಬರಿದೇ ಕಾಯುವುದರಿಂದ ಪ್ರಯೋಜನವಿಲ್ಲ. ಆಗಲೂ ದೇಹ ಬದಲಾಗುವುದು ಬೇಡವೆನ್ನಿಸಿದರೆ ಕಾಯುವುದೇ ಸರಿ. ಹೆಣ್ಣೆಂದು ಗುರುತಿಸಿಕೊಳ್ಳಲು ಹಾರ್ಮೋನ್ ಕಡ್ಡಾಯವೇನಲ್ಲ, ಅದಿಲ್ಲದೆಯೇ ಬದುಕುವವರೂ ಇದ್ದಾರೆ.

‘ನಾನು ಯಾರು’ ಎಂಬ ಪ್ರಶ್ನೆಯನ್ನೇ ಹಿಡಿದು ಕೂರುವುದಕ್ಕಿಂತ ‘ಯಾವ ಬದಲಾವಣೆ ಬೇಕು’ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೊಜೆನ್ ಜೊತೆಗೆ, ಗಂಡಿನ ಹಾರ್ಮೋನ್ ಆದ ಟೆಸ್ಟೊಸ್ಟೆರಾನ್ ಅನ್ನು ತಗ್ಗಿಸುವ ಔಷಧಿಯನ್ನು ಆರಂಭಿಸಿದ ಮೊದಲ 1ರಿಂದ 3 ತಿಂಗಳಲ್ಲಿ ಲೈಂಗಿಕ ಆಸಕ್ತಿಯೂ ಬೆಳಗಿನ ಹೊತ್ತಿನ ನಿಮಿರುವಿಕೆಯೂ ಕಡಿಮೆಯಾಗುತ್ತವೆ. ಚರ್ಮದ ಜಿಡ್ಡು ತಗ್ಗುವುದು ಆ ಬಳಿಕ. ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಮೊಲೆತೊಟ್ಟಿನ ಅಡಿಯಲ್ಲಿ ಸಣ್ಣ ಗಟ್ಟಿ ಗಂಟು ಮೂಡಿ, ಅಂಗಿ ತಾಗಿದರೂ ನೋಯುತ್ತದೆ. ಹಿಂದಿರುಗದ ಬದಲಾವಣೆ ಕಣ್ಣಿಗೆ ಕಾಣುವಂತೆ ಶುರುವಾಗುವುದು ಅಲ್ಲಿಂದ: ಔಷಧಿ ನಿಲ್ಲಿಸಿದರೆ ಚರ್ಮ, ಸ್ನಾಯು, ಕೊಬ್ಬಿನ ಹಂಚಿಕೆ ಬಹುಮಟ್ಟಿಗೆ ಮೊದಲಿನಂತಾದರೂ ಬೆಳೆದ ಸ್ತನ ಉಳಿಯುತ್ತದೆ. ಹೀಗಾಗಿ ಮೊದಲ ಕೆಲವು ವಾರಗಳಲ್ಲಿ ನಿಮ್ಮ ಮನಸ್ಸು ಹೇಗೆ ಸ್ಪಂದಿಸುತ್ತದೆಂದು ಗಮನಿಸಲು ಒಂದಿಷ್ಟು ಅವಕಾಶವಿದೆ, ಆದರೆ ಅದು ದೀರ್ಘವಲ್ಲ.

ಹಲವರನ್ನು ನಿರಾಶೆಗೊಳಿಸುವ ಸಂಗತಿಯೊಂದಿದೆ. ಒಮ್ಮೆ ಒಡೆದ ದನಿಯನ್ನು ಈಸ್ಟ್ರೊಜೆನ್ ಬದಲಿಸುವುದಿಲ್ಲ. ಗಡ್ಡದ ಬೆಳವಣಿಗೆ ನಿಧಾನವಾಗಬಹುದಾದರೂ ಗಡ್ಡ ಹೋಗುವುದಿಲ್ಲ. ನಿಮ್ಮನ್ನು ಅತಿ ಹೆಚ್ಚು ನೋಯಿಸುವುದು ಇವೆರಡೇ ಆಗಿದ್ದರೆ ದನಿಯ ತರಬೇತಿ ಮತ್ತು ಕೂದಲು ತೆಗೆಯುವ ಲೇಸರ್ ಚಿಕಿತ್ಸೆ ಹೆಚ್ಚು ನೆರವಾದಾವು, ಹಾರ್ಮೋನ್ ನಿರ್ಧಾರ ಆಗುವ ಮುನ್ನವೂ ಅವನ್ನು ಆರಂಭಿಸಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಪಟ್ಟು ಹಿಡಿಯುತ್ತೇನೆ. ಮುಂದೆ ಮಗು ಬೇಕೆನ್ನಿಸುವ ಸಾಧ್ಯತೆ ಎಳ್ಳಷ್ಟಿದ್ದರೂ ಮೊದಲ ಮಾತ್ರೆಗೆ ಮುನ್ನವೇ ವೀರ್ಯ ಸಂರಕ್ಷಣೆಯ ಬಗ್ಗೆ ವಿಚಾರಿಸಿ. ಔಷಧಿ ನಿಲ್ಲಿಸಿದ ಮೇಲೆ ವೀರ್ಯೋತ್ಪತ್ತಿ ಮರಳಬಹುದು, ಮರಳದೆಯೂ ಇರಬಹುದು. ಹಾಗೆಂದು ಇದನ್ನು ಗರ್ಭನಿರೋಧಕವೆಂದೂ ನಂಬಬಾರದು.

ಧೂಮಪಾನ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ನಿಮಗಿರಲಿ, ಕುಟುಂಬದಲ್ಲಿರಲಿ, ವೈದ್ಯರಿಂದ ಮುಚ್ಚಿಡಬೇಡಿ; ಅಂಥವರಿಗೆ ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪಟ್ಟಿ ಸುರಕ್ಷಿತವೆಂದು ವೈದ್ಯರು ಹೇಳಬಹುದು. ಟೆಸ್ಟೊಸ್ಟೆರಾನ್ ತಗ್ಗಿಸಲು ಸ್ಪಿರೊನೊಲ್ಯಾಕ್ಟೋನ್ ಎಂಬ ಔಷಧಿ ಬಳಸುವವರು ರಕ್ತದ ಪೊಟ್ಯಾಸಿಯಂ ನೋಡಿಕೊಳ್ಳಬೇಕು. ಮೊದಲ ವರ್ಷ ಸುಮಾರು 3 ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇರುತ್ತದೆ. ಡೋಸ್ ಹೆಚ್ಚಿಸಿದರೆ ಬೇಗ ಫಲ ಬರುತ್ತದೆಂಬುದು ತಪ್ಪು ಕಲ್ಪನೆ, ಅಪಾಯ ಮಾತ್ರ ಬೇಗ ಬರುತ್ತದೆ.

ಪ್ರಶ್ನೆ: ನಾನು ಟ್ರಾನ್ಸ್ ಪುರುಷ, ಅಂದರೆ ಹೆಣ್ಣಾಗಿ ಹುಟ್ಟಿದರೂ ಗಂಡೆಂದು ಗುರುತಿಸಿಕೊಳ್ಳುವವನು. ಟೆಸ್ಟೊಸ್ಟೆರಾನ್ ಕೆಲವು ತಿಂಗಳು ತೆಗೆದುಕೊಂಡು ನೋಡಿ, ಹಿಡಿಸದಿದ್ದರೆ ಬಿಡಬಹುದೇ?

ಉತ್ತರ: ವೈದ್ಯರಿಗೆ ತಿಳಿಸಿ ಬಿಡಬಹುದು, ಆದರೆ ‘ನೋಡಿ ಬಿಡುವ’ ಅವಕಾಶ ಇಲ್ಲಿ ಇನ್ನೂ ಕಡಿಮೆ. ದನಿ ಗಡುಸಾಗುವುದು ಕೆಲವರಲ್ಲಿ ಮೂರನೆಯ ತಿಂಗಳಿಗೇ ಆರಂಭವಾಗುತ್ತದೆ ಮತ್ತು ಅದು ಮರಳುವುದಿಲ್ಲ. ಮೂಡಿದ ಮುಖದ ಕೂದಲೂ ಉಳಿಯುತ್ತದೆ. ನಿಂತ ಮುಟ್ಟು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಮುಟ್ಟು ನಿಂತಿದ್ದರೂ ಗರ್ಭ ಧರಿಸುವ ಸಾಧ್ಯತೆಯಿದೆ, ಭ್ರೂಣಕ್ಕೆ ಟೆಸ್ಟೊಸ್ಟೆರಾನ್ ಹಾನಿಕರ. ಅಂಥ ಸಾಧ್ಯತೆಯಿದ್ದರೆ ಗರ್ಭನಿರೋಧಕವನ್ನು ವೈದ್ಯರೊಂದಿಗೆ ಈಗಲೇ ಮಾತನಾಡಿ ಗೊತ್ತುಮಾಡಿಕೊಳ್ಳಿ.