ವಿಚ್ಛೇದನ ಆದ ಮೇಲೆ ಧಾರೆ ಸೀರೆಯನ್ನು ಏನು ಮಾಡೋದು?

ಏನು ಬೇಕಾದರೂ ಮಾಡಬಹುದು, ಆದರೆ ಸಿಟ್ಟಿನಲ್ಲಿ ಮಾರಬೇಡಿ. ಸೀರೆ ನಿಮ್ಮದೇ. ಮದುವೆಯಲ್ಲಿ ಹೆಣ್ಣಿಗೆ ಬಂದ ಸೀರೆ, ಒಡವೆಗಳು ಸ್ತ್ರೀಧನ, ಅಂದರೆ ಅವಳ ಸ್ವಂತ ಆಸ್ತಿ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಗಂಡನ ಮನೆಯವರು ಉಡಿಸಿದ್ದಾದರೂ ಅಷ್ಟೇ.

ಹಳೆ ರೇಷ್ಮೆ ಸೀರೆ ಕೊಳ್ಳುವವರು ದುಡ್ಡು ಕೊಡುವುದು ಜರಿಗೆ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ, ಮೇಲೆ ತೆಳುವಾಗಿ ಚಿನ್ನದ ಲೇಪ ಕೊಟ್ಟದ್ದು. ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮೈಸೂರು ಸಿಲ್ಕ್‌ನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ ಇರುತ್ತದೆ. ಹಳೆ ಸೀರೆ ಕೊಳ್ಳುವವರು ಅದನ್ನು ಸುಟ್ಟು ಆ ಬೆಳ್ಳಿ ತೆಗೆಯುತ್ತಾರೆ. ನೇಯ್ಗೆಗೆ, ಬಣ್ಣಕ್ಕೆ ಬೆಲೆಯೇ ಇಲ್ಲ. ಹಾಗಾಗಿ ಕೊಂಡ ದುಡ್ಡಿನಲ್ಲಿ ಸ್ವಲ್ಪವೇ ವಾಪಸ್ ಬರೋದು. ‘ಟೆಸ್ಟೆಡ್ ಜರಿ’ಯಾದರೆ ಒಳಗಿರುವುದು ತಾಮ್ರ, ಸಿಗುವುದು ಪುಡಿಗಾಸು.

ಅದಕ್ಕಿಂತ ಮನೆಯ ಪುಟ್ಟ ಹುಡುಗಿಗೆ ಜರಿಲಂಗ ಹೊಲಿಸುವುದೇ ವಾಸಿ ಅಂತೀನಿ ನಾನು. ಈಗ ಅದರ ಮುಖ ನೋಡಲೂ ಮನಸ್ಸಿಲ್ಲ, ಅಲ್ವಾ? ಹತ್ತಿ ಬಟ್ಟೆಯಲ್ಲಿ ಸುತ್ತಿ ಅಮ್ಮನ ಬೀರುವಿನಲ್ಲಿಡಿ. ಆರು ತಿಂಗಳಿಗೊಮ್ಮೆ ಬೇರೆ ಕಡೆ ಮಡಚಲು ಹೇಳಿ. ಇಲ್ಲದಿದ್ದರೆ ಮಡಿಕೆ ಬಿದ್ದ ಗೆರೆಯಲ್ಲೇ ಸೀಳುತ್ತದೆ.